ಲಟಕ್ ಅನ್ನಿಸೋಕೆ ಮುಂಚೆ ಕಾಲಿನ ಹೆಬ್ಬೆರಳು ನೋಡಿದ್ರಾ?

ಕೈರೋಪ್ರಾಕ್ಟಿಕ್ (ಬೆನ್ನಿನ ಕೀಲುಗಳನ್ನ ಕೈಯಿಂದಲೇ ಒತ್ತಿ, ತಿರುಗಿಸಿ ಕೊಡೋ ಚಿಕಿತ್ಸೆ) ಅಂತ ಒಂದೇ ಜರ್ಕಿಗೆ ಸಯಾಟಿಕಾ ವಾಸಿಮಾಡಿ ತೋರಿಸೋ ಆ ರೀಲನ್ನ ದಯವಿಟ್ಟು ಇನ್ನು ಯಾರೂ ನನಗೆ ಕಳಿಸಬೇಡಿ. ಮನೆಯವರ ಗ್ರೂಪು, ಸ್ಕೂಲ್ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಎಲ್ಲಾ ಕಡೆಯಿಂದ ಅದೇ ಬರ್ತಿದೆ. ಸೊಂಟದಿಂದ ಹಿಮ್ಮಡಿವರೆಗೂ ಸೆಳೆತ ಅಂತ ಒಬ್ಬರು ಕುಂಟುತ್ತಾ ಬರ್ತಾರೆ. ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಭುಜ ಹಿಂದಕ್ಕೆ ಒತ್ತಿ, ಸೊಂಟ ಮುಂದಕ್ಕೆ ತಿರುಗಿಸಿ ಒಂದು ಜರ್ಕು. ಲಟಕ್! ಶಬ್ದ ಚೆನ್ನಾಗಿ ಕೇಳಿಸಲಿ ಅಂತ ಸೊಂಟದ ಹತ್ತಿರ ಪುಟ್ಟ ಮೈಕು ಬೇರೆ. ಮೈಕ್ ಇದೆ, ರಿಫ್ಲೆಕ್ಸ್ ನೋಡೋ ರಬ್ಬರ್ ಸುತ್ತಿಗೆ ಮಾತ್ರ ಎಲ್ಲೂ ಕಾಣಲ್ಲ. ಆಮೇಲೆ ಆ ಮನುಷ್ಯ ಎದ್ದು ನಗ್ತಾ ನಡೀತಾನೆ, ಕೆಳಗೆ ಕಾಮೆಂಟಲ್ಲಿ ಸಾವಿರಾರು ಜನ 'ಅಡ್ರೆಸ್ ಕೊಡಿ ಸಾರ್'.

ಇಂಥ ನೋವಿನವರನ್ನ ಪರೀಕ್ಷೆ ಮಾಡೋದೇ ನನ್ನ ಕೆಲಸ. ಹಾಗಾಗಿ ನೇರವಾಗಿ ಕೇಳ್ತೀನಿ: ಜರ್ಕ್ ಕೊಡೋಕೆ ಮುಂಚೆ ಅವರ ಕಾಲಿನ ಹೆಬ್ಬೆರಳನ್ನ ಯಾರಾದ್ರೂ ನೋಡಿದ್ರಾ?

ಸಯಾಟಿಕಾ ಅನ್ನೋದು ಕಾಯಿಲೆ ಅಲ್ಲ, ಲಕ್ಷಣ: ಸಯಾಟಿಕ್ ನರದ ದಾರಿಯಲ್ಲಿ ಸೊಂಟದಿಂದ ಕಾಲಿಗೆ ಇಳಿಯೋ ನೋವು. ಸೊಂಟದ ಕೆಳಭಾಗದ ಎಲ್4, ಎಲ್5, ಅದರ ಕೆಳಗಿನ ಎಸ್1, ಎಸ್2, ಎಸ್3 ಅನ್ನೋ ನರದ ಬೇರುಗಳು (ಬೆನ್ನುಹುರಿಯಿಂದ ಹೊರಡೋ ಎಳೆಗಳು) ಸೇರಿ ಆಗೋ ನರ ಅದು. ಮೈಯಲ್ಲೇ ದಪ್ಪ ನರ. ಪೃಷ್ಠದ ಒಳಗಿಂದ ತೊಡೆಯ ಹಿಂಭಾಗಕ್ಕೆ ಇಳಿದು, ಮಂಡಿಯ ಮೇಲೆ ಎರಡಾಗಿ ಕವಲೊಡೆದು ಪಾದಕ್ಕೆ ಹೋಗುತ್ತೆ. ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ತೊಂದರೆ ಶುರುವಾಗೋದು ಬೆನ್ನುಮೂಳೆಗಳ ಮಧ್ಯೆ ಮೆತ್ತೆಯ ಹಾಗಿರೋ ಡಿಸ್ಕಿನಿಂದ, ಅದರಲ್ಲೂ ಕೊನೆಯ ಎರಡು ಡಿಸ್ಕುಗಳಿಂದ. ಉಬ್ಬಿದ ಡಿಸ್ಕ್ ಬೇರನ್ನ ಒತ್ತೋದಷ್ಟೇ ಅಲ್ಲ, ಒಳಗಿನ ತಿರುಳು ತಾಗಿದರೆ ಬೇರು ಉರಿಯೂತದಿಂದ ಊದಿಕೊಳ್ಳುತ್ತೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಕರೆಂಟ್ ಹೊಡೆದ ಹಾಗಾಗೋದು ಅದಕ್ಕೇ.

ಈಗ ಹೆಬ್ಬೆರಳಿನ ವಿಷಯ. ಹೆಬ್ಬೆರಳನ್ನ ಮೇಲಕ್ಕೆತ್ತೋಕೆ ಹೇಳಿ, ನಾವು ಬೆರಳಲ್ಲಿ ಕೆಳಕ್ಕೆ ಒತ್ತಬೇಕು. ಆಚೆ ಕಾಲಿನಷ್ಟು ತಡೆದು ನಿಲ್ಲಲಿಲ್ಲ ಅಂದ್ರೆ ಎಲ್5 ಬೇರು ಸೋತಿದೆ ಅಂತ ಅನುಮಾನ ಪಡಬೇಕು. ಒಂಟಿಕಾಲಲ್ಲಿ ನಿಂತು ಹತ್ತು ಸಲ ಹಿಮ್ಮಡಿ ಎತ್ತಿಸಬೇಕು, ಆಗದಿದ್ದರೆ ಎಸ್1. ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ಪಾದ ಕುಪ್ಪಳಿಸದಿದ್ದರೂ ಎಸ್1 ಕಡೆಗೇ ಬೆರಳು ತೋರಿಸುತ್ತೆ. ಅಂಗಾತ ಮಲಗಿಸಿ, ಮಂಡಿ ನೆಟ್ಟಗಿಟ್ಟು ಕಾಲನ್ನ ನಿಧಾನವಾಗಿ ಎತ್ತಿದರೆ 30ರಿಂದ 70 ಡಿಗ್ರಿ ಒಳಗೆ ಮಂಡಿಯಿಂದ ಕೆಳಕ್ಕೆ ನೋವು ಹರಿಯುತ್ತಾ ನೋಡಬೇಕು. ತೊಡೆಯ ಹಿಂದೆ ಬರೀ ಬಿಗಿತ ಬಂದರೆ ಅದು ಲೆಕ್ಕಕ್ಕಿಲ್ಲ. ನೋವಿಲ್ಲದ ಕಾಲು ಎತ್ತಿದಾಗ ನೋವಿರೋ ಕಾಲಿಗೆ ಹೊಡೆದರೆ ಡಿಸ್ಕೇ ಅನ್ನೋ ಅನುಮಾನ ಗಟ್ಟಿಯಾಗುತ್ತೆ. ಇಷ್ಟಕ್ಕೂ ಬೇಕಾಗೋದು ಹತ್ತು ನಿಮಿಷ. ಹತ್ತು ನಿಮಿಷದ ರೀಲ್ ಯಾರು ನೋಡ್ತಾರೆ ಹೇಳಿ!

ಇದನ್ನ ನೋಡದೆ ತಿರುಚಿದರೆ ಏನಾಗಬಹುದು? ಬೆರಳಿನ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುತ್ತಿರೋರಿಗೆ, ನಡೆಯುವಾಗ ಪಾದ ನೆಲಕ್ಕೆ ಎಳೆಯೋರಿಗೆ ಬೇಕಾಗಿರೋದು ಸ್ಪೈನ್ ಸರ್ಜನ್ ಅಭಿಪ್ರಾಯ, ಜರ್ಕ್ ಅಲ್ಲ. ಮೂಳೆ ಸವೆತ ಇರೋ ಅರವತ್ತು ದಾಟಿದ ಅಮ್ಮಂದಿರು, ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿದವರು, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು, ಹಿಂದೆ ಕ್ಯಾನ್ಸರ್ ಆಗಿದ್ದೋರು, ಇವರ ಬೆನ್ನಿಗೆ ಪರೀಕ್ಷೆ ಮಾಡದೆ ಕೈ ಹಾಕೋ ಹಾಗೇ ಇಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಕೂಡ ಸೊಂಟನೋವಿನ ವೇಷದಲ್ಲೇ ಬರುತ್ತೆ. ರಾತ್ರಿ ಜಾಸ್ತಿಯಾಗೋ ನೋವು, ಸಂಜೆ ಜ್ವರ, ಇಳಿಯೋ ತೂಕ. ಮೈಕಿಗೆ ಇದ್ಯಾವುದೂ ಕೇಳಿಸಲ್ಲ.

ಇನ್ನು ಆ ಶಬ್ದ. ಅದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಡಿಸ್ಕ್ ಒಳಗೆ ಹೋದ ಸದ್ದಂತೂ ಅಲ್ಲವೇ ಅಲ್ಲ. ಬೆನ್ನುಮೂಳೆಯ ಹಿಂಬದಿಯ ಪುಟ್ಟ ಕೀಲುಗಳು ಒಮ್ಮೆಲೇ ಅಗಲಿದಾಗ ಒಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುತ್ತೆ, ಅಷ್ಟೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ಲಟಿಕೆ ಮುರಿಯೋದನ್ನ ಎಂಆರ್‌ಐ ಒಳಗೇ ಸೆರೆಹಿಡಿದು ತೋರಿಸಿದ್ದಾರೆ. ಅದೇ ಬೆರಳು ಮತ್ತೆ ಲಟಿಕೆ ಕೊಡೋಕೆ ಸುಮಾರು 20 ನಿಮಿಷ ಬೇಕು. ನಿಜ ಹೇಳಬೇಕು ಅಂದ್ರೆ ಆ ಸದ್ದು ಕೇಳೋಕೆ ನನಗೂ ಖುಷಿನೇ. ಸಲೂನಿನಲ್ಲಿ ತಲೆ ಮಸಾಜ್ ಆದ್ಮೇಲೆ ಕತ್ತು ತಿರುಚೋವಾಗ ಕಣ್ಮುಚ್ಚಿ ಸುಖಪಡೋರನ್ನ ನೋಡಿಲ್ವಾ? ಸುಖ ಬೇರೆ, ಚಿಕಿತ್ಸೆ ಬೇರೆ. (ಆ ಕತ್ತು ತಿರುಚೋದನ್ನ ಮಾತ್ರ ಇವತ್ತೇ ನಿಲ್ಲಿಸಿ. ಮೆದುಳಿಗೆ ರಕ್ತ ಒಯ್ಯೋ ನಾಳದ ಒಳಪದರ ಹರಿದರೆ ಸ್ಟ್ರೋಕ್ ಆಗಬಹುದು.)

'ಹಾಗಾದ್ರೆ ಕೈರೋಪ್ರಾಕ್ಟಿಕ್ ಎಲ್ಲಾ ಬುರುಡೆನಾ? ನಮ್ಮ ಭಾವನಿಗೆ ವಾಸಿ ಆಯ್ತಲ್ಲ?' ಅಂತ ಒಬ್ಬರು ಬಂದೇ ಬರ್ತಾರೆ, ಗೊತ್ತು. ಬುರುಡೆ ಅಂತ ನಾನೆಲ್ಲಿ ಹೇಳ್ದೆ? ಇಟಲಿಯಲ್ಲಿ ಡಿಸ್ಕ್ ಉಬ್ಬಿ ಸಯಾಟಿಕಾ ಬಂದಿದ್ದ 102 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನ ಇದೆ. ನಿಜವಾದ ಮ್ಯಾನಿಪ್ಯುಲೇಶನ್ (ಕೈಯಿಂದ ಕೀಲು ಜರ್ಕ್ ಮಾಡೋದು) ಪಡೆದವರಲ್ಲಿ ಶೇ 55ರಷ್ಟು ಜನಕ್ಕೆ ಕಾಲುನೋವು ಪೂರ್ತಿ ಹೋಯ್ತು, ಸುಮ್ಮನೆ ನಟಿಸಿದ ಚಿಕಿತ್ಸೆಯಲ್ಲಿ ಶೇ 20. ಕೆನಡಾದಲ್ಲಿ 2010ರದ್ದು ಇನ್ನೊಂದು: ಔಷಧಿಗೆ ಬಗ್ಗದ 40 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಕೈರೋಪ್ರಾಕ್ಟಿಕ್. ಎರಡನೇ ಗುಂಪಿನ ಶೇ 60 ಜನಕ್ಕೆ ಆಪರೇಷನ್ ಆದವರಷ್ಟೇ ಗುಣ ಸಿಕ್ಕಿತು. ಸಣ್ಣ ಅಧ್ಯಯನಗಳು, ಆದರೂ ತಳ್ಳಿಹಾಕೋ ಹಾಗಿಲ್ಲ. ಆದರೆ ಅವರೆಲ್ಲ ಪರೀಕ್ಷೆ ಮಾಡಿ ಆರಿಸಿಕೊಂಡ ರೋಗಿಗಳು ಸ್ವಾಮಿ. ಬಾಗಿಲು ತೆಗೆದು ಒಳಗೆ ಬಂದವರನ್ನೆಲ್ಲ ಎತ್ತಿ ತಿರುಚಿದ್ದಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಕೂಡ ಕೈಚಿಕಿತ್ಸೆ ಒಂದನ್ನೇ ಕೊಡಬೇಡಿ, ವ್ಯಾಯಾಮದ ಜೊತೆಗೆ ಮಾತ್ರ ಕೊಡಿ ಅನ್ನುತ್ತೆ. ಇನ್ನು ಭಾವನ ವಿಷಯ: ಡಿಸ್ಕ್ ಸಯಾಟಿಕಾ ಬಹಳಷ್ಟು ಜನರಲ್ಲಿ 6ರಿಂದ 12 ವಾರದಲ್ಲಿ ತಾನಾಗೇ ತಗ್ಗುತ್ತೆ. ಹೊರಗೆ ಚಾಚಿದ ತಿರುಳನ್ನ ದೇಹವೇ ಕರಗಿಸುತ್ತೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡವರಿಗೂ ವಾಸಿಯಾಗಿದ್ದು ಹೀಗೇ.

ಸರಿಯಾಗಿ ಕಲಿತ ಕೈರೋಪ್ರಾಕ್ಟರ್ ಡಿಸ್ಕಿಗೆ ಹೆಚ್ಚಾಗಿ ಬಳಸೋ ವಿಧಾನ ರೀಲಿನಲ್ಲಿ ಬರೋದೇ ಇಲ್ಲ, ಯಾಕಂದ್ರೆ ಅದರಲ್ಲಿ ಸದ್ದಿಲ್ಲ. ಬೋರಲು ಮಲಗಿಸ್ತಾರೆ. ಟೇಬಲ್ಲಿನ ಕೆಳಭಾಗ ಕೀಲಿನಿಂದ ನಿಧಾನಕ್ಕೆ ಕೆಳಗಿಳಿಯುತ್ತೆ. ಒಂದು ಕೈ ಸೊಂಟದ ಮೂಳೆ ಮೇಲಿಟ್ಟು ಹದವಾಗಿ ಎಳೆದು ಬಿಡ್ತಾರೆ, ಮತ್ತೆ ಎಳೀತಾರೆ. ಪ್ರತಿ ಸಲ ಆದ್ಮೇಲೆ ಕಾಲು ಎತ್ತಿಸಿ, ಹೆಬ್ಬೆರಳು ಒತ್ತಿ ನೋಡ್ತಾರೆ. ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಸೊಂಟಕ್ಕೆ ಮೇಲೇರಿದರೆ ಒಳ್ಳೇದು, ಸೊಂಟ ಸ್ವಲ್ಪ ಜಾಸ್ತಿ ನೋಯ್ತಿದ್ದರೂ ಪರವಾಗಿಲ್ಲ. ಕೆಳಕ್ಕೆ ಇಳಿದರೆ ನಿಲ್ಲಿಸಬೇಕು. ನಾಲ್ಕು ವಾರದಲ್ಲಿ ಏನೂ ಬದಲಾಗದಿದ್ದರೆ ದಾರಿ ಬದಲಿಸಬೇಕು.

ಅಮೆರಿಕದಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ಡಾಕ್ಟರೇಟ್ ಕೋರ್ಸ್, ಪ್ರತಿ ರಾಜ್ಯದಲ್ಲೂ ಲೈಸೆನ್ಸು. ಬ್ರಿಟನ್ನಿನಲ್ಲಿ 1994ರ ಕಾಯ್ದೆ, ಅದರಡಿ ಒಂದು ಮಂಡಳಿ. ನಮ್ಮಲ್ಲಿ ಕೈರೋಪ್ರಾಕ್ಟರುಗಳಿಗೆ ಅಂತ ಪ್ರತ್ಯೇಕ ಶಾಸನಬದ್ಧ ಮಂಡಳಿಯೇ ಇಲ್ಲ. ವಾರಾಂತ್ಯದ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಬಹುದು. ಎಲ್ಲಿ ಓದಿದ್ರಿ, ಎಷ್ಟು ವರ್ಷ ಅಂತ ಕೇಳಿ, ನಾಚಿಕೆ ಬೇಡ. ತರಕಾರಿಗೆ ಎಷ್ಟು ಪ್ರಶ್ನೆ ಕೇಳ್ತೀರ!

ಎಲ್ಲಕ್ಕಿಂತ ಸಿಟ್ಟು ಬರೋದು 'ಮತ್ತೆ ಬರದ ಹಾಗೆ' ಅಂತ ಮುಂಗಡ ಕಟ್ಟಿಸಿಕೊಳ್ಳೋ ಪ್ಯಾಕೇಜಿಗೆ. ಸ್ವೀಡನ್ನಿನಲ್ಲಿ 328 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಗದಿತ ಅಂತರದಲ್ಲಿ ಹೋಗ್ತಿದ್ದವರಿಗೆ, ನೋವು ಬಂದಾಗ ಮಾತ್ರ ಹೋಗ್ತಿದ್ದವರಿಗಿಂತ, ವರ್ಷದಲ್ಲಿ ಸುಮಾರು 13 ದಿನ ಕಾಡುವ ಸೊಂಟನೋವು ಕಡಿಮೆಯಾಯ್ತು. ಅದೂ ಮೊದಲ ಚಿಕಿತ್ಸೆಯಲ್ಲೇ ಚೆನ್ನಾಗಿ ಗುಣ ಕಂಡವರಿಗೆ, ಮೇಲಾಗಿ ಅದು ಮತ್ತೆ ಮತ್ತೆ ಮರುಕಳಿಸೋ ಸೊಂಟನೋವಿನ ಲೆಕ್ಕ, ಸಯಾಟಿಕಾದ್ದಲ್ಲ. ವಾರಕ್ಕೆರಡು ಸಲ ಅಲೈನ್‌ಮೆಂಟ್ ಮಾಡಿಸಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಬದಲಿಗೆ ಬಿಟ್ಟಿ ಕೆಲಸ ಮಾಡಿ. ದಿನಾ ಅರ್ಧ ಗಂಟೆ ನಡಿಗೆ. ಅಂಬೆಗಾಲಲ್ಲಿ ನಿಂತು ಎಡಗೈ ಮತ್ತು ಬಲಗಾಲು ಚಾಚಿ ಹತ್ತು ಸೆಕೆಂಡ್ ಹಿಡಿಯೋದು, ಆಮೇಲೆ ಇನ್ನೊಂದು ಬದಿ. ಡಿಸ್ಕುಗಳು ರಾತ್ರಿ ನೀರು ಹೀರಿ ಉಬ್ಬಿರುತ್ತವೆ, ಹಾಗಾಗಿ ಎದ್ದ ಮೊದಲ ಒಂದು ಗಂಟೆ ಬಗ್ಗಿ ಬಕೆಟ್ ಎತ್ತೋದು, ಅಂಗಳ ಗುಡಿಸೋದು ಬೇಡ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕೆ.ಜಿ. ಇರುತ್ತೆ, ಎತ್ತಬೇಡಿ, ಅಂಚಿನ ಮೇಲೆ ಉರುಳಿಸಿ.

ಒಂದನ್ನ ಮಾತ್ರ ಕಾಯೋ ಹಾಗಿಲ್ಲ. ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಮಲ ಹೋದರೆ, ಕೂರೋ ಜಾಗದಲ್ಲಿ ಜೋಮು ಹಿಡಿದರೆ, ಎರಡೂ ಕಾಲು ಒಟ್ಟಿಗೆ ಸೋತರೆ, ಅದು ಮಧ್ಯರಾತ್ರಿ ಆದರೂ ಸರಿ, ಎಂಆರ್‌ಐ ಮತ್ತು ಸ್ಪೈನ್ ಸರ್ಜನ್ ಇರೋ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ತಡವಾದಷ್ಟೂ ಮೂತ್ರದ ಹಿಡಿತ ವಾಪಸ್ ಬರೋ ಸಾಧ್ಯತೆ ಕಡಿಮೆ.