ಗೇಟ್‌ವೇ ಕೊಳ್ಳುವಾಗ ರೋಡ್‌ಮ್ಯಾಪ್‌ಗೆ ದುಡ್ಡು ಕೊಡಬೇಡಿ

ಮನೆಯಿಂದ ಕೆಲಸ ಮಾಡುವವರನ್ನು ಕಚೇರಿಯ ಸರ್ವರ್‌ಗಳಿಗೆ ಸೇರಿಸುವ ರಿಮೋಟ್ ಆ್ಯಕ್ಸೆಸ್ ಗೇಟ್‌ವೇಗಳ ಬಗ್ಗೆ ಮಾರಾಟ ಪ್ರತಿನಿಧಿಗಳನ್ನು ಏನು ಕೇಳಿದರೂ ಸಿಗುವ ಉತ್ತರ ಎರಡೇ ಬಗೆಯದು: ಒಂದೋ 'ಅದು ಇದೆ', ಇಲ್ಲವೇ 'ಅದು ರೋಡ್‌ಮ್ಯಾಪ್‌ನಲ್ಲಿದೆ', ಅಂದರೆ ಮುಂದೆ ಬರಲಿರುವ ಸೌಲಭ್ಯಗಳ ಪಟ್ಟಿಯಲ್ಲಿದೆ. ಎರಡನೆಯ ಉತ್ತರ ಬಂದಲ್ಲೆಲ್ಲ 'ಇಲ್ಲ' ಎಂದೇ ಬರೆದುಕೊಂಡು ಬೆಲೆ ಮಾತಾಡಬೇಕು ಎಂಬುದು ಮಂಗಳೂರಿನಲ್ಲಿ ಇಂಥ ಗೇಟ್‌ವೇ ನೋಡಿಕೊಳ್ಳುವ ನನ್ನ ಖಚಿತ ಅಭಿಪ್ರಾಯ. ಲೈಸೆನ್ಸ್ ನವೀಕರಣದ ಕಡತ ಮೇಜಿನ ಮೇಲಿರುವುದರಿಂದ ಇದನ್ನು ಈಗಲೇ ಬರೆಯುತ್ತಿದ್ದೇನೆ.

ನಮ್ಮ ಕಡೆ ದಿನವೂ ಎದುರಾಗುವ ಒಂದು ಮಿತಿಯನ್ನೇ ನೋಡೋಣ. ಇಲ್ಲಿನ ಕಚೇರಿಗಳ ಸಿಬ್ಬಂದಿಯಲ್ಲಿ ಹಲವರು ಕಾರ್ಕಳ, ಪುತ್ತೂರು, ಕುಂದಾಪುರದ ಕಡೆಯ ಮನೆಗಳಿಂದ ಫೈಬರ್ ಅಥವಾ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ವಿಪಿಎನ್‌ಗೆ, ಅಂದರೆ ಗೇಟ್‌ವೇವರೆಗಿನ ಗೂಢಲಿಪಿಯ ಸಂಪರ್ಕಕ್ಕೆ, ಸೇರಿಕೊಳ್ಳುತ್ತಾರೆ. ಅವರಿಂದ ಬರುವ ಫೋನ್ ಕರೆಯ ಮೊದಲ ವಾಕ್ಯ ಬಹುತೇಕ ಒಂದೇ: "ಸರ್, ವಿಪಿಎನ್ ಕನೆಕ್ಟ್ ಆಗಿದೆ, ಆದ್ರೆ ಎಂತದೂ ಓಪನ್ ಆಗುವುದಿಲ್ಲ." ಪಿಂಗ್ (ಸಂಪರ್ಕ ಪರೀಕ್ಷಿಸುವ ಸಣ್ಣ ಸಂದೇಶ) ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಪುಟವೊಂದನ್ನು ತೆರೆದರೆ ಮಾತ್ರ ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ. ಕಾರಣ ಸರಳ. ಈಥರ್ನೆಟ್ ಎಂಬ ತಂತಿ ಜಾಲದಲ್ಲಿ ಒಂದು ಪ್ಯಾಕೆಟ್ (ದತ್ತಾಂಶದ ತುಣುಕು) ಗರಿಷ್ಠ 1500 ಬೈಟ್ ಇರಬಹುದು. ಪಿಪಿಪಿಒಇ ಎಂಬ ಲಾಗಿನ್ ವಿಧಾನದ ಮೂಲಕ ಬರುವ ಫೈಬರ್ ಸಂಪರ್ಕದಲ್ಲಿ ಅದರಲ್ಲಿ 8 ಬೈಟ್ ಕಳೆದು 1492 ಉಳಿಯುತ್ತದೆ. ಅದರ ಮೇಲೆ ವಿಪಿಎನ್ ತನ್ನ ಗೂಢಲಿಪೀಕರಣದ ಹೊದಿಕೆಗಾಗಿ ಇನ್ನಷ್ಟನ್ನು ತೆಗೆದುಕೊಳ್ಳುತ್ತದೆ. 'ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ' ಎಂದು ಹಿಂದಕ್ಕೆ ತಿಳಿಸಬೇಕಾದ ಐಸಿಎಂಪಿ ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲ್ ತಡೆದಿರುತ್ತದೆಯಾದ್ದರಿಂದ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ದಾರಿಯಲ್ಲೇ ಕಾಣೆಯಾಗುತ್ತವೆ. ಟನೆಲ್‌ನ (ವಿಪಿಎನ್ ಹಾದಿಯ) ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು, 1350ರ ಆಸುಪಾಸಿಗೆ ಇಳಿಸಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಗೇಟ್‌ವೇ ಇದನ್ನು ತಾನೇ ಅಳೆದು ಹೊಂದಿಸಿಕೊಳ್ಳಬೇಕಿತ್ತು. ನಾವು ಬಳಸುವ ಉತ್ಪನ್ನದಲ್ಲಿ ಆ ಸೌಲಭ್ಯ ರೋಡ್‌ಮ್ಯಾಪ್‌ನಲ್ಲಿದೆ. ಕಳೆದ ನವೀಕರಣದ ಹೊತ್ತಿಗೂ ಅಲ್ಲೇ ಇತ್ತು.

ರೋಡ್‌ಮ್ಯಾಪ್ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಫೋರ್‌ಫ್ರಂಟ್ ಯುಎಜಿ 2010 ಎಂಬ ಗೇಟ್‌ವೇ ಒಳ್ಳೆಯ ಪಾಠ. ಅದರ ಅನೇಕ ಸೌಲಭ್ಯಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನಲ್ಲಷ್ಟೇ ನಡೆಯುವ ಆಕ್ಟಿವ್‌ಎಕ್ಸ್ ಘಟಕಗಳನ್ನು ನೆಚ್ಚಿಕೊಂಡಿದ್ದವು, ಹೊಸ ಬ್ರೌಸರ್ ಬಂದಾಗಲೆಲ್ಲ ಗ್ರಾಹಕರು ಮುಂದಿನ ಸರ್ವಿಸ್ ಪ್ಯಾಕ್‌ಗಾಗಿ (ದೊಡ್ಡ ಅಪ್‌ಡೇಟ್‌ಗಾಗಿ) ಕಾಯುತ್ತಿದ್ದರು. ನಾಲ್ಕು ಸರ್ವಿಸ್ ಪ್ಯಾಕ್‌ಗಳು ಬಂದವು. 2013ರ ಡಿಸೆಂಬರ್‌ನಲ್ಲಿ ಇನ್ನು ಹೊಸ ಆವೃತ್ತಿಯೇ ಇಲ್ಲ ಎಂಬ ಘೋಷಣೆಯೂ ಬಂತು, 2014ರ ಜುಲೈ 1ಕ್ಕೆ ಉತ್ಪನ್ನ ಬೆಲೆಪಟ್ಟಿಯಿಂದ ಹೊರಬಿತ್ತು. ಅದೇ ಕಂಪನಿ ಬಹಳ ಹೊಗಳಿದ್ದ ಡೈರೆಕ್ಟ್‌ಆ್ಯಕ್ಸೆಸ್ ಎಂಬ ರಿಮೋಟ್ ಆ್ಯಕ್ಸೆಸ್ ಸೌಲಭ್ಯ ಕೂಡ 2024ರಲ್ಲಿ ಕೈಬಿಡಲಿರುವವುಗಳ ಪಟ್ಟಿಗೆ ಸೇರಿತು. ಕಂಪನಿಗಳಿಗೆ ಹೀಗೆ ನಿರ್ಧರಿಸುವ ಹಕ್ಕಿದೆ, ಅದರಲ್ಲಿ ನನಗೆ ತಕರಾರಿಲ್ಲ. ಬಾರದ ಆವೃತ್ತಿಯ ಲೆಕ್ಕದಲ್ಲಿ ನಾವು ಮೂರು ವರ್ಷದ ಹಣವನ್ನು ಮುಂಗಡ ಕಟ್ಟುವುದಕ್ಕೆ ಮಾತ್ರ ತಕರಾರು.

ಇನ್ನು ಭದ್ರತೆಯ ಅಪ್‌ಡೇಟ್‌ಗಳ ವಿಷಯ ಹೆಚ್ಚು ಗಂಭೀರವಾದದ್ದು. 2024ರ ಜನವರಿ 10ರಂದು ಇವಾಂಟಿ ಕಂಪನಿ ತನ್ನ ಕನೆಕ್ಟ್ ಸೆಕ್ಯೂರ್ ಗೇಟ್‌ವೇಯಲ್ಲಿನ ಎರಡು ದೋಷಗಳನ್ನು ಪ್ರಕಟಿಸಿದಾಗ ದಾಳಿಕೋರರು ಅವುಗಳನ್ನು ಆಗಲೇ ಬಳಸುತ್ತಿದ್ದರು. ಪ್ಯಾಚ್‌ಗಳು (ದೋಷ ಸರಿಪಡಿಸುವ ಅಪ್‌ಡೇಟ್‌ಗಳು) ಜನವರಿ 22ರ ವಾರದಿಂದ ಹಂತಹಂತವಾಗಿ ಬರುತ್ತವೆ ಎಂದು ವೇಳಾಪಟ್ಟಿ ಕೊಡಲಾಯಿತು. ಮೊದಲನೆಯದು ಕೈಗೆ ಸಿಕ್ಕಿದ್ದು ಜನವರಿ 31ರಂದು. ಅದೇ ದಿನ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಫೆಬ್ರವರಿ 2ರ ರಾತ್ರಿಯೊಳಗೆ ಈ ಸಾಧನಗಳನ್ನು ನೆಟ್‌ವರ್ಕ್‌ನಿಂದ ಕಳಚಿಬಿಡಿ ಎಂದು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಆದೇಶಿಸಿತು.

ಕಳಚುವುದು ಎಂಬ ಮಾತು ಹೇಳಿದಷ್ಟು ಸುಲಭವಲ್ಲ. ದೊಡ್ಡ ಕಂಪನಿಗಳಲ್ಲಿ ಗೇಟ್‌ವೇ ಜೋಡಿಯಾಗಿರುತ್ತದೆ, ಒಂದಕ್ಕೆ ಅಪ್‌ಡೇಟ್ ಹಾಕುವಾಗ ಇನ್ನೊಂದು ಭಾರ ಹೊರುತ್ತದೆ. ಸಣ್ಣ ಕಚೇರಿಯಲ್ಲಿರುವುದು ಒಂದೇ ಗೇಟ್‌ವೇ, ನೋಡಿಕೊಳ್ಳುವವನೂ ಒಬ್ಬನೇ. ಅಮೆರಿಕದ ಗ್ರಾಹಕರಿಗಾಗಿ ರಾತ್ರಿ ಪಾಳಿಯಲ್ಲಿ ದುಡಿಯುವ ತಂಡವಿದ್ದರೆ ರೀಸ್ಟಾರ್ಟ್ ಮಾಡಲು ಖಾಲಿ ಹೊತ್ತೇ ಸಿಗುವುದಿಲ್ಲ. ಉಳಿಯುವುದು ಭಾನುವಾರ, ಅದೂ ಮಳೆಗಾಲದಲ್ಲಿ ಕರೆಂಟಿನ ದಯೆಯಿದ್ದರೆ. ಹೀಗಾಗಿ ಅಪ್‌ಡೇಟ್ ಒಂದು ವಾರ, ಇನ್ನೊಂದು ವಾರ ಎಂದು ಮುಂದಕ್ಕೆ ಹೋಗುತ್ತದೆ. ಸಂಪರ್ಕ ಕಡಿಯದೆ ಅಪ್‌ಡೇಟ್ ಹಾಕಲಾಗದಿರುವುದನ್ನು ಭದ್ರತೆಯ ಮಿತಿಗಳ ಪಟ್ಟಿಯಲ್ಲೇ ಸೇರಿಸಬೇಕು. ಕಂಪನಿಗಳು ಅದನ್ನು 'ನಿರ್ವಹಣೆ' ಎಂಬ ಅಧ್ಯಾಯದಲ್ಲಿ ಅಡಗಿಸುತ್ತವೆ.

ಅಪ್‌ಡೇಟ್ ಎಂದರೆ ಏನೋ ಸೇರುತ್ತದೆ ಎಂಬ ಭಾವನೆಯನ್ನೂ ಬಿಡಬೇಕು. ಗೇಟ್‌ವೇ ತಯಾರಿಸುವ ಫೋರ್ಟಿನೆಟ್ 2025ರಲ್ಲಿ ತನ್ನ ತಂತ್ರಾಂಶ ಫೋರ್ಟಿಒಎಸ್‌ನ 7.6.3 ಆವೃತ್ತಿಯಿಂದ ಎಸ್‌ಎಸ್‌ಎಲ್ ವಿಪಿಎನ್‌ನ ಟನೆಲ್ ವಿಧಾನವನ್ನೇ ತೆಗೆದುಹಾಕಿ ಐಪಿಸೆಕ್ ಎಂಬ ಇನ್ನೊಂದು ಬಗೆಯ ವಿಪಿಎನ್ ಬಳಸುವಂತೆ ಹೇಳಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೆಂದೇ ನನ್ನ ಎಣಿಕೆ. ಆದರೆ ವೆಬ್‌ಸೈಟ್‌ಗಳೂ ಎಸ್‌ಎಸ್‌ಎಲ್ ವಿಪಿಎನ್ ಕೂಡ ಸಾಮಾನ್ಯವಾಗಿ ಬಳಸುವ 443ನೇ ಪೋರ್ಟ್ (ಸಂಪರ್ಕದ ದ್ವಾರ) ಬಿಟ್ಟು ಬೇರೆಲ್ಲವನ್ನೂ ಮುಚ್ಚಿರುವ ಹಾಸ್ಟೆಲ್ ವೈಫೈಯಿಂದ ಕೆಲಸ ಮಾಡುವವನಿಗೆ ಐಪಿಸೆಕ್‌ಗೆ ಬೇಕಾದ ಯುಡಿಪಿ 500 ಮತ್ತು 4500 ಪೋರ್ಟ್‌ಗಳು ಸಿಗುವುದಿಲ್ಲ ಎಂಬುದನ್ನು ಅಪ್‌ಡೇಟ್‌ಗೆ ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಈ ಸಲ ಕೊಟೇಶನ್ ಕೊಟ್ಟ ಕಂಪನಿಗಳಿಗೆಲ್ಲ ನಾನು ಲಾಗ್‌ಗಳ (ಯಾರು ಯಾವಾಗ ಸೇರಿಕೊಂಡರು ಎಂಬಂಥ ದಾಖಲೆಗಳ) ಬಗ್ಗೆ ಲಿಖಿತ ಪ್ರಶ್ನೆ ಕಳಿಸಿದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಒಬ್ಬರ ಉಪಕರಣದಲ್ಲಿ ಅಷ್ಟು ದಿನದ ಲಾಗ್ ಹಿಡಿಸುವುದಿಲ್ಲ, ಸಂಗ್ರಹ ಹೆಚ್ಚಿಸುವ ಯೋಜನೆ ಇದೆಯಂತೆ. ನಿಯಮ ಜಾರಿಯಲ್ಲಿರುವುದು ಇಂದು. ಆದ್ದರಿಂದ ಲಾಗ್ ಕೂಡಿಡುವ ಪ್ರತ್ಯೇಕ ಸಿಸ್‌ಲಾಗ್ ಸರ್ವರ್‌ನ ಖರ್ಚನ್ನು ಅವರ ಬೆಲೆಗೇ ಕೂಡಿಸಿ ಹೋಲಿಕೆಯ ಪಟ್ಟಿ ತಯಾರಿಸಿದ್ದೇನೆ. ಮುಂದಿನ ವಾರದ ಸಭೆಗೆ ಅದು ಹಾಗೆಯೇ ಹೋಗುತ್ತದೆ.