ಬಾಣಂತನದ ನಡುವೆ ಬರುವ ಆ 30ನೇ ದಿನ

ನಮ್ಮ ಮನೆಯಲ್ಲಿ ಬಾಣಂತಿ, ಕೂಸು ಹೊಸ್ತಿಲು ದಾಟುವುದು ಮೂರು ತಿಂಗಳು ತುಂಬಿದ ಮೇಲೆಯೇ. ಈ ವಿಷಯದಲ್ಲಿ ಅಮ್ಮ ಯಾರ ಮಾತೂ ಕೇಳುವವರಲ್ಲ. ಐದು ವರ್ಷದ ಹಿಂದೆ ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. 31 ವಾರ. ಮಗುವಿನ ತೂಕ 1,350 ಗ್ರಾಂ. ಆಸ್ಪತ್ರೆಯವರು 22 ದಿನ ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಕೊಟ್ಟು ಉಳಿಸಿಕೊಟ್ಟರು. ಮನೆಗೆ ಬಂದ ದಿನ ಅಮ್ಮ ದೃಷ್ಟಿ ತೆಗೆದು, ಬಾಣಂತಿ ಕೋಣೆಯ ಕಿಟಕಿ ಮುಚ್ಚಿದರು. ಗಂಡಾಂತರ ಕಳೆಯಿತು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಮರುದಿನ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದರು. ತೂಕ ನೋಡಿದರು. ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹಿಂದೆ ಮುಂದೆ ತಿರುವಿದರು. "ಅಣ್ಣಾ, ಕಣ್ಣಿನ ಟೆಸ್ಟ್ ಆಗಿಲ್ವಾ? ಇದರಲ್ಲಿ ಬರೆದೇ ಇಲ್ಲವಲ್ಲ" ಅಂದರು. ನಾಲ್ಕು ಪುಟದ ಚೀಟಿ. ಡ್ರಾಪ್ಸ್ ಎಷ್ಟು ಹನಿ, ಲಸಿಕೆ ಯಾವಾಗ, ಎಲ್ಲ ಇತ್ತು. ಕಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೊರಡುವಾಗ ಬಾಯಿಮಾತಿನಲ್ಲೂ ಯಾರೂ ಹೇಳಿರಲಿಲ್ಲ.

"ದೀಪ ತಂದರೆ ಕಣ್ಣು ಕಿರಿದು ಮಾಡುತ್ತೆ ಕಣಮ್ಮಾ, ಕಣ್ಣಿಗೇನಾಗಿದೆ?" ಅಂದರು ಅಮ್ಮ.

ತೊಂದರೆ ಇರುವುದೇ ಅಲ್ಲಿ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾಕ್ಕೆ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಹಬ್ಬುತ್ತವೆ. ಅವು ಪೂರ್ತಿ ಅಂಚು ಮುಟ್ಟುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮಗು ಬೇಗ ಹುಟ್ಟಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಕೆಲವು ಮಕ್ಕಳಲ್ಲಿ ನಾಳಗಳು ದಿಕ್ಕು ತಪ್ಪಿ ಬೆಳೆದು, ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಅನ್ನುತ್ತಾರೆ. ಲೆಕ್ಕವಿಲ್ಲದೆ ಆಕ್ಸಿಜನ್ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ.

ಇದು ಗೊತ್ತಾದದ್ದು ಹೇಗೆ ಅಂತ ಆಮೇಲೆ ಓದಿದೆ. 1942ರಲ್ಲಿ ಬಾಸ್ಟನ್ನಿನ ಡಾ. ಥಿಯೊಡೋರ್ ಟೆರಿ ಈ ಕಾಯಿಲೆಯ ಬಗ್ಗೆ ಮೊದಲು ಬರೆದರು. ಕಾರಣ ಯಾರಿಗೂ ಹೊಳೆಯಲಿಲ್ಲ. 1951ರಲ್ಲಿ ಮೆಲ್ಬರ್ನಿನ ಡಾ. ಕೇಟ್ ಕ್ಯಾಂಪ್‌ಬೆಲ್ ಆಕ್ಸಿಜನ್ ಕಡೆ ಬೊಟ್ಟು ಮಾಡಿದರು. ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಡಾ. ಆರ್ನಾಲ್ ಪಾಟ್ಸ್ ಕೆಲವು ಮಕ್ಕಳಿಗೆ ಕಡಿಮೆ, ಕೆಲವರಿಗೆ ಜಾಸ್ತಿ ಆಕ್ಸಿಜನ್ ಕೊಟ್ಟು ಹೋಲಿಸಿ ನೋಡುತ್ತಿದ್ದರು. ಅಲ್ಲಿನ ಕೆಲವು ನರ್ಸ್‌ಗಳು ರಾತ್ರಿ ಹೊತ್ತು ಯಾರಿಗೂ ಹೇಳದೆ ಕಡಿಮೆ ಇದ್ದ ಮಕ್ಕಳಿಗೂ ಆಕ್ಸಿಜನ್ ಜಾಸ್ತಿ ಮಾಡುತ್ತಿದ್ದರಂತೆ. ಕೂಸು ಉಸಿರಿಲ್ಲದೆ ಹೋಗಿಬಿಡುತ್ತದೆ ಅನ್ನೋ ಸಂಕಟ ಅವರಿಗೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊನೆಗೆ 18 ಆಸ್ಪತ್ರೆಗಳು ಸೇರಿ 1953ರಲ್ಲಿ ದೊಡ್ಡ ಅಧ್ಯಯನ ಶುರು ಮಾಡಿದವು. 1954ರಲ್ಲಿ ಉತ್ತರ ಸಿಕ್ಕಿತು. ಉಳಿಸಲು ಕೊಟ್ಟ ಆಕ್ಸಿಜನ್ನೇ ಕಣ್ಣು ತೆಗೆಯುತ್ತಿತ್ತು. ಹಾಗಂತ ಪೂರಾ ಕಡಿಮೆ ಮಾಡಿದಾಗ ಜೀವಗಳೇ ಹೋದವು. ಎಷ್ಟು ಕೊಟ್ಟರೆ ಸರಿ ಅನ್ನೋದಕ್ಕೆ ಮುಂದೆ ದಶಕಗಳ ಕಾಲ ಮತ್ತೆ ಅಧ್ಯಯನ ನಡೆಸಬೇಕಾಯಿತು.

"ಮಕ್ಕಳ ಮೇಲೆ ಪ್ರಯೋಗ" ಅಂತ ಕೇಳಿದರೆ ನನಗೂ ಮೊದಲು ಮೈ ಜುಮ್ ಅನ್ನುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಅಪ್ಪ ಅಮ್ಮನಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಲೆಕ್ಕ ಇಟ್ಟು ಪರೀಕ್ಷಿಸುವುದೇ ಮೇಲು. ಪರೀಕ್ಷೆ ಮಾಡದೆ ಎಲ್ಲ ಮಕ್ಕಳಿಗೂ ಒಂದೇ ಔಷಧ ಕೊಡುತ್ತಾ ಹೋಗುವುದೂ ಪ್ರಯೋಗವೇ ಅಲ್ವಾ? ಅದರಲ್ಲಿ ಲೆಕ್ಕ ಇಡುವವರು ಇರುವುದಿಲ್ಲ, ಅಷ್ಟೇ.

ನಮ್ಮ ಕಥೆಗೆ ಬರುತ್ತೇನೆ. ಹುಟ್ಟಿದ 27ನೇ ದಿನ ಮಗುವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಬೆಂಗಳೂರಿಗೆ ಹೊರಟೆವು. ಅಮ್ಮ ಅಳುತ್ತಲೇ ಕಿವಿಗೆ ಹತ್ತಿ ಇಟ್ಟು ಕಳಿಸಿದರು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕಾಯಿಸಿದರು. ನಾಲಿಗೆಗೆ ಸಕ್ಕರೆ ನೀರು ಮುಟ್ಟಿಸಿ, ಸಣ್ಣ ಕ್ಲಿಪ್ಪಿನಿಂದ ರೆಪ್ಪೆ ಅಗಲಿಸಿದರು. ತಂಗಿ ಗೋಡೆ ಕಡೆ ತಿರುಗಿಕೊಂಡಳು. ನಾನು ನೋಡಿದೆ. ಕಂಪ್ಯೂಟರ್ ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡನೆ ಚಿತ್ರ. ಅದರ ಅಂಚಿನ ಹತ್ತಿರ, ಕೆರೆ ಏರಿಯ ಹಾಗೆ ಉಬ್ಬಿದ ಒಂದು ಗೆರೆ. ಅದರಾಚೆ ಒಂದು ನಾಳವೂ ಇಲ್ಲ. ಎರಡು ದಿನದೊಳಗೆ ಎರಡೂ ಕಣ್ಣಿಗೆ ಲೇಸರ್ ಆಯಿತು. ಇನ್ನೂ ಕೆಲವು ವಾರ ತಡವಾಗಿದ್ದರೆ ಲೇಸರ್ ಮಾಡಿಯೂ ಪ್ರಯೋಜನ ಇರುತ್ತಿರಲಿಲ್ಲ ಅಂದರು.

ನಮ್ಮ ರಾಜ್ಯದಲ್ಲಿ ದಾರಿ ಇಲ್ಲ ಅಂತಲ್ಲ. ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್‌ರಾಪ್ ಅನ್ನೋ ಕಣ್ಣು ತಪಾಸಣೆ ಕಾರ್ಯಕ್ರಮ ಶುರು ಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗುತ್ತಾರೆ. ಮಗು ಇರುವಲ್ಲೇ ಕಣ್ಣಿನ ಫೋಟೋ ತೆಗೆಯುತ್ತಾರೆ. ಬೆಂಗಳೂರಿನ ವೈದ್ಯರು ಅದನ್ನು ಮೊಬೈಲಿನಲ್ಲೇ ನೋಡಿ ಏನು ಮಾಡಬೇಕೆಂದು ಹೇಳುತ್ತಾರೆ. ಇಷ್ಟೆಲ್ಲ ಇದ್ದೂ ನಮ್ಮ ಚೀಟಿಯಲ್ಲಿ ಆ ಒಂದು ಸಾಲು ಇರಲಿಲ್ಲ. ನನ್ನ ಸಿಟ್ಟು ಅದರ ಮೇಲೆ. ಹೀಗೇ ಪರೀಕ್ಷೆ ತಪ್ಪಿ ಕುರುಡಾದ ಚೆನ್ನೈನ ಒಂದು ಹುಡುಗಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆ ಮಗು ಹುಟ್ಟಿದ್ದು 1996ರಲ್ಲಿ. ಪರಿಹಾರ ಬರುವ ಹೊತ್ತಿಗೆ ಅವಳಿಗೆ ಹದಿನೆಂಟು ದಾಟಿತ್ತು. ಕಣ್ಣು ಬರಲಿಲ್ಲ.

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗು ಇದ್ದರೆ 30 ದಿನದೊಳಗೆ ಕಣ್ಣಿನ ಪರದೆ ನೋಡಿಸಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರದಲ್ಲೇ. ದಿನ ಎಣಿಸಬೇಕಾದದ್ದು ಹುಟ್ಟಿದ ದಿನದಿಂದ, ಮನೆಗೆ ಬಂದ ದಿನದಿಂದಲ್ಲ. ಒಮ್ಮೆ ನೋಡಿಸಿದರೆ ಮುಗಿಯುವುದೂ ಇಲ್ಲ. ವೈದ್ಯರು ಸಾಕು ಅನ್ನುವವರೆಗೆ ಕರೆದಾಗಲೆಲ್ಲ ಹೋಗಬೇಕು.

ನಮ್ಮ ಹುಡುಗ ಈಗ ಕನ್ನಡಕ ಹಾಕುತ್ತಾನೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕೂತು ಕಲ್ಲು ಹೆಕ್ಕಿ ಕೊಡುತ್ತಾನೆ.

ಹೋದ ವಾರ ನನ್ನ ಸಹೋದ್ಯೋಗಿಗೆ 32 ವಾರಕ್ಕೆ ಮಗಳು ಹುಟ್ಟಿದಳು. ಬಾಣಂತನದಲ್ಲಿ ಕೂಸನ್ನು ಹೊರಗೆ ಕಳಿಸಲ್ಲ ಅಂತ ಅವರ ತಾಯಿ ಈಗಲೇ ಹಟ ಹಿಡಿದಿದ್ದರು. ನಾನು ಫೋನನ್ನು ನಮ್ಮ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅರ್ಧ ಗಂಟೆ ಮಾತಾಡಿದರು. "ಕಿವಿಗೆ ಹತ್ತಿ ಇಡಿ, ತಲೆಗೆ ಕುಲಾವಿ ಕಟ್ಟಿ, ಆದ್ರೆ ಕರ್ಕೊಂಡು ಹೋಗಿ" ಅಂದದ್ದು ಕೇಳಿಸಿತು.