ತಕ್ಕಡಿ ಎದುರಿಗಿರುವ ಕಡೆ ಊಟ

ನಮ್ಮ ಕಾಸರಗೋಡಿನ ಬೇಕಲದ ಆಸುಪಾಸಿನ ಹೋಟೆಲೊಂದರ ಮೆನುವಿನಲ್ಲಿ ಅಂಜಲ್, ಮಾಂಜಿ, ಕೆಂಬೇರಿ ಮೀನುಗಳ ಹೆಸರಿನ ಎದುರು ಬೆಲೆ ಇರಬೇಕಾದ ಜಾಗದಲ್ಲಿ ‘ಸೈಜಿಗೆ ತಕ್ಕಂತೆ’ ಎಂದಷ್ಟೇ ಬರೆದಿತ್ತು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ತಂಗಿಯ ಸಂಸಾರವನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದ ನಾನು, ಎಷ್ಟಾಗಬಹುದು ಎಂದು ವಿಚಾರಿಸಿದಾಗ ಸಪ್ಲೈಯರ್ ಹುಡುಗ ‘ಜಾಸ್ತಿ ಏನಾಗುವುದಿಲ್ಲ’ ಎಂದು ನಕ್ಕು ಒಳಗೆ ಹೋದ. ಬಿಲ್ಲು ಬಂದಾಗ ನೋಡಿದರೆ, ಹುರಿದ ಮೀನಿನ ಬೆಲೆಯೊಂದೇ ಉಳಿದೆಲ್ಲ ಊಟದ ಬೆಲೆಯನ್ನು ಮೀರಿತ್ತು. ಭಾವನ ಎದುರು ಬಿಲ್ಲಿನ ಚರ್ಚೆ ಮಾಡುವುದುಂಟೇ? ಅವರು ಜೇಬಿಗೆ ಕೈ ಹಾಕುವ ಮೊದಲೇ ದುಡ್ಡು ಕೊಟ್ಟು ಎದ್ದೆ.

ಆ ಕಿರಿಕಿರಿ ಮನಸ್ಸಿನಲ್ಲಿ ಉಳಿದಿದ್ದುದರಿಂದಲೇ ಇರಬೇಕು, ಆಮೇಲೆ ಬಾಲಿ ದ್ವೀಪಕ್ಕೆ ಹೋದಾಗ ಅಲ್ಲಿಯ ದೇವಸ್ಥಾನಗಳಿಗಿಂತಲೂ ಗದ್ದೆಗಳಿಗಿಂತಲೂ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಒಂದು ಮೀನು ಮಾರುಕಟ್ಟೆ. ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ, ಜಿಂಬರಾನ್ ಕಡಲತೀರದ ಒಂದು ತುದಿಯಲ್ಲಿರುವ ಕೆಡೊಂಗಾನನ್ ಎಂಬಲ್ಲಿ ಬಣ್ಣ ಬಳಿದ ದೋಣಿಗಳು ದಡಕ್ಕೆ ಬರುತ್ತವೆ. ಮಾರುಕಟ್ಟೆಯ ಒದ್ದೆ ನೆಲದ ಇಕ್ಕೆಲಗಳಲ್ಲಿ ಮಂಜುಗಡ್ಡೆಯ ಮೇಲೆ ಕೆಂಬೇರಿ, ಸಿಗಡಿ, ಬೊಂಡಾಸ್, ಏಡಿಗಳನ್ನು ಹರಡಿಕೊಂಡು ಮೀನು ಮಾರುವವರು ಕುಳಿತಿರುತ್ತಾರೆ. ಮೀನನ್ನು ನಾವೇ ಆರಿಸಬೇಕು, ಕಿವಿರು ಎತ್ತಿ ನೋಡಬೇಕು, ಕಿಲೋಗೆ ಎಷ್ಟೆಂದು ಚೌಕಾಸಿ ಮಾಡಬೇಕು. ತೂಕ ನಮ್ಮ ಕಣ್ಣೆದುರೇ ಆಗುತ್ತದೆ. ಬಳಿಕ ಆ ಚೀಲವನ್ನು ಪಕ್ಕದಲ್ಲಿಯೇ ಇರುವ ಸುಡುವ ಅಂಗಡಿಗೆ ಒಯ್ದು ಕೊಟ್ಟರೆ, ಸುಡುವುದಕ್ಕೆ ಕಿಲೋ ಲೆಕ್ಕದಲ್ಲಿ ಬೇರೆಯೇ ಕೂಲಿ, ಅನ್ನಕ್ಕೆ ಇಷ್ಟು, ಎಳನೀರಿಗೆ ಇಷ್ಟು ಎಂದು ಮೊದಲೇ ಹೇಳಿಬಿಡುತ್ತಾರೆ. ನಾವು ಊಟಕ್ಕೆ ಕುಳಿತಾಗ ಬಿಲ್ಲಿನ ಮೊತ್ತ ನಮಗಾಗಲೇ ಗೊತ್ತಿತ್ತು. ಊಟ ಮುಗಿದ ಮೇಲೂ ಅದು ಬೆಳೆಯಲಿಲ್ಲ. ಇಷ್ಟು ಚಿಕ್ಕ ವಿಷಯ ಮನಸ್ಸಿಗೆ ಅಷ್ಟೊಂದು ಹಿತ ಕೊಟ್ಟೀತೆಂದು ನಾನು ಎಣಿಸಿರಲಿಲ್ಲ.

ಸುಡುವ ಕ್ರಮವನ್ನೂ ಹೇಳಬೇಕು. ಮೀನನ್ನು ಸೀಳಿ ಹರವಿ, ಸಿಹಿ, ಹುಳಿ, ಖಾರ ಕೂಡಿದ ಮಸಾಲೆಯನ್ನು ಮತ್ತೆ ಮತ್ತೆ ಸವರುತ್ತ, ತಂತಿಯ ಜಾಲರಿಗಳ ನಡುವೆ ಇಟ್ಟು ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಸುಡುತ್ತಾರೆ. ನಮ್ಮಲ್ಲಿ ಬಚ್ಚಲೊಲೆಗೆ ಹೋಗುವ ಸಿಪ್ಪೆಗೆ ಅಲ್ಲಿ ಅಡುಗೆಮನೆಯ ಮರ್ಯಾದೆ! ಜೊತೆಗೆ ಕೊಡುವ ‘ಸಂಬಲ್ ಮಾತಾ’ ಎಂಬ ಹಸಿ ಚಟ್ನಿಯಲ್ಲಿ ಸಣ್ಣ ಈರುಳ್ಳಿ, ಮೆಣಸು, ಮಜ್ಜಿಗೆಹುಲ್ಲು, ನಿಂಬೆರಸ ಮತ್ತು ತೆಂಗಿನೆಣ್ಣೆ ಇರುತ್ತವೆ. ಹಸಿ ತೆಂಗಿನೆಣ್ಣೆಯ ವಾಸನೆಗೆ ಮೂಗು ಮುರಿಯುವ ಬೆಂಗಳೂರಿನವರನ್ನು ಕಂಡು ಬೇಸತ್ತಿರುವ ನಮ್ಮಂಥವರಿಗೆ ಆ ಚಟ್ನಿ ತವರಿನದೇ ಅನ್ನಿಸುತ್ತದೆ.

ತೆಂಗಿನ ಸಂಶೋಧನೆಗೆಂದು 1916ರಷ್ಟು ಹಿಂದೆಯೇ ಕೇಂದ್ರ ಶುರುವಾದ ಊರು ನಮ್ಮ ಕಾಸರಗೋಡು. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಲಾಯಿತು. 1995ರಲ್ಲಿ ಅದಕ್ಕೊಂದು ಅಭಿವೃದ್ಧಿ ನಿಗಮವೂ ಬಂತು. ಕೋಟೆಯ ಅಕ್ಕಪಕ್ಕದಲ್ಲಿ ದೊಡ್ಡ ರೆಸಾರ್ಟುಗಳು ಎದ್ದವು. ಆದರೆ ಮೀನು ಹಿಡಿಯುವವರು, ಹುರಿಯುವವರು, ತಿನ್ನುವವರು ಎಲ್ಲರೂ ಇರುವ ಈ ಕರಾವಳಿಯಲ್ಲಿ, ದಕ್ಕೆಯಿಂದ ಕೊಂಡ ಮೀನನ್ನು ಪಕ್ಕದಲ್ಲಿಯೇ ಕೂಲಿಗೆ ಹುರಿದು ಕೊಡುವ ಒಂದು ಸಾಲು ಅಂಗಡಿಯನ್ನು ನಾನು ಈತನಕ ಕಂಡಿಲ್ಲ. ಇದು ಕೇರಳಕ್ಕೆ ಹೊಸ ವಿದ್ಯೆಯೂ ಅಲ್ಲ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಬದಿಯಲ್ಲಿ ಪ್ರವಾಸಿಗರು ಹೀಗೆಯೇ ಮೀನು ಕೊಂಡು ಬೇಯಿಸಿಕೊಂಡು ತಿನ್ನುತ್ತಾರೆ. ತಿರುವನಂತಪುರದಿಂದ ಹೊರಟ ಉಳಿದ ಅನೇಕ ಸಂಗತಿಗಳಂತೆ ಇದೂ ಕಾಸರಗೋಡು ತಲುಪದೆ ದಾರಿಯಲ್ಲೆಲ್ಲೋ ಇಳಿದುಕೊಂಡಿರಬೇಕು.

ಬಾಲಿಗೆ ಹೋಗುವವರು ಎಲ್ಲಿ ಉಣ್ಣಬೇಕೆಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಬೆಳಗಿನ ಹೊತ್ತು ಕೆಡೊಂಗಾನನ್ನಿನಲ್ಲಿ ಮೀನು, ಉಳಿದ ಹೊತ್ತು ‘ವಾರುಂಗ್’ ಎಂಬ ಸಣ್ಣ ಊಟದಂಗಡಿಗಳು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವ ಪಲ್ಯ, ಮೊಟ್ಟೆ, ಕೋಳಿಗಳನ್ನು ಬೆರಳು ತೋರಿಸಿ ಅನ್ನದ ಮೇಲೆ ಹಾಕಿಸಿಕೊಂಡರಾಯಿತು. ನಮ್ಮ ಜೊತೆಗಿದ್ದ ಹವ್ಯಕ ಸ್ನೇಹಿತರು ಕಡಲೆಕಾಯಿ ಗೊಜ್ಜು ಸುರಿದ ಬೆಂದ ತರಕಾರಿ ಮತ್ತು ಸೋಯಾದ ‘ತೆಂಪೆ’ಯಲ್ಲಿಯೇ ದಿನ ಕಳೆದರು, ಸಂಬಲ್‌ಗಳಲ್ಲಿ ಸಿಗಡಿಯ ‘ತೆರಾಸಿ’ ಸೇರಿರುವುದು ಸಾಮಾನ್ಯವಾದ್ದರಿಂದ ಸಸ್ಯಾಹಾರಿಗಳು ಕೇಳದೆ ಬಾಯಿಗೆ ಹಾಕಬಾರದು.

ಇನ್ನು, ಹೇಳದಿದ್ದರೆ ನ್ಯಾಯವಾಗದ ಕೆಲವು ಮಾತುಗಳಿವೆ. ಅದೇ ಜಿಂಬರಾನ್ ತೀರದಲ್ಲಿ, ಮರಳಿನ ಮೇಲೆ ಮೇಜು ಹಾಕಿ ಸೂರ್ಯಾಸ್ತದೊಂದಿಗೆ ಮೀನು ಬಡಿಸುವ ರೆಸ್ಟೋರೆಂಟುಗಳೂ ಇವೆ; ಅಲ್ಲಿಗೆ ಗಿರಾಕಿಯನ್ನು ತಂದ ಕಾರಿನವನಿಗೆ ಕಮಿಷನ್ ಸಿಗುವುದುಂಟು. ಬೆಲೆಯನ್ನು ನೂರು ಗ್ರಾಮಿಗೆ ಹೇಳಿದರೆ ಕಿಲೋದ್ದೆಂದು ತಿಳಿದು ಸಂಭ್ರಮಿಸುವವರೂ ಇದ್ದಾರೆ. ಮೆನುವಿನ ಬೆಲೆಯ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆಗಳಿದ್ದರೆ ತೆರಿಗೆಯೂ ಸರ್ವಿಸ್ ಚಾರ್ಜೂ ಬೇರೆ ಎಂದರ್ಥ. ಹಾಗಾಗಿ ತಕ್ಕಡಿ ಇದ್ದ ಮಾತ್ರಕ್ಕೆ ಅಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರಲ್ಲ. ನಮ್ಮ ಹೋಟೆಲಿನವರ ಪರವಾಗಿಯೂ ಒಂದು ಮಾತಿದೆ: ಮಳೆಗಾಲದಲ್ಲಿ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧವಿರುವಾಗ ಅಂಜಲ್‌ನ ದರ ಬೆಳಗ್ಗೆ ಒಂದಾದರೆ ಸಂಜೆಗೆ ಇನ್ನೊಂದಾಗುತ್ತದೆ, ಮೆನುವಿನಲ್ಲಿ ಅಚ್ಚು ಹಾಕಿಸುವುದು ಕಷ್ಟವೇ. ಕಷ್ಟವಾದರೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಹುದಲ್ಲ ಎಂಬುದು ನನ್ನ ಹಟ.

ಬಾಲಿಯಲ್ಲಿ ಇನ್ನೊಮ್ಮೆ ಅನ್ನ ಕೇಳಿದರೆ ಅದಕ್ಕೂ ಲೆಕ್ಕ ಬರೆಯುತ್ತಾರೆ. ಇಲ್ಲಿ ನಮ್ಮ ಉಪ್ಪಳದ ಬಸ್ಸು ನಿಲ್ದಾಣದ ಬಳಿಯ ಸಾಧಾರಣ ಊಟದ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನವನ್ನೂ ಮೀನಿನ ಸಾರನ್ನೂ ಸಾಕೆಂದರೂ ಬಿಡದೆ ಬಡಿಸುವವರಿಗೆ ಲೆಕ್ಕದ ನೆನಪೇ ಇರುವುದಿಲ್ಲ. ಸುಟ್ಟ ಮೀನು ಎಷ್ಟು ರುಚಿಯಾದರೂ ಅದಕ್ಕೆ ಸಾರಿಲ್ಲ. ಹಿಂದಿನ ದಿನ ಮಾಡಿಟ್ಟ ಬಂಗುಡೆ ಪುಳಿಮುಂಚಿಯನ್ನು ಆ ದ್ವೀಪದಲ್ಲಿ ಎಷ್ಟು ಲಕ್ಷ ರೂಪಿಯಾ ಕೊಟ್ಟರೂ ಯಾರೂ ಬಡಿಸಲಾರರು. ಆದರೆ ಅದನ್ನು ಬೇಕಲದ ಹೋಟೆಲಿನವರೂ ಬಡಿಸುವುದಿಲ್ಲ, ಅದಕ್ಕೆ ಮನೆಗೇ ಬರಬೇಕು.